ಮೊದಲು ಪೌರತ್ವ, ಆಮೇಲೆ ಕಾಲು

ಮತ್ತೊಂದು ‘ಮೊಟ್ಟಮೊದಲ ಹ್ಯೂಮನಾಯ್ಡ್’ ರೋಬೋಟ್ ಬಂದಿದೆಯಂತೆ. ವಿಡಿಯೊ ನೋಡಿದರೆ ಕೆಳಗೆ ನಾಲ್ಕು ಚಕ್ರ, ಎದೆಗೊಂದು ಪರದೆ, ಪರದೆಯಲ್ಲಿ ಮಿಟುಕುವ ಎರಡು ಚುಕ್ಕಿ. ಮನುಷ್ಯಾಕಾರ ಅಲ್ಲಿಗೆ ಮುಗಿಯಿತು. ತಲೆ, ಮುಂಡ, ಎರಡು ಕೈ, ಎರಡು ಕಾಲು ಇದ್ದರೆ ಹ್ಯೂಮನಾಯ್ಡ್. ಚರ್ಮ, ಕೂದಲು, ಮುಖಭಾವವೂ ಸೇರಿ ನೋಡಿದವರು ಮೋಸಹೋಗುವಂತಿದ್ದರೆ ಆಂಡ್ರಾಯ್ಡ್. ಎರಡನೆಯದನ್ನು ಫೋನಿನವರು ಎತ್ತಿಕೊಂಡು ಹೋದರು. ಉಳಿದೊಂದನ್ನು ಕಂಡಕಂಡ ಡಬ್ಬಕ್ಕೆಲ್ಲ ಅಂಟಿಸುವ ಕೆಲಸ ಭರದಿಂದ ಸಾಗಿದೆ.

ಹೆಣ್ಣಿನ ಮುಖದ ರೋಬೋಟ್ ಸೋಫಿಯಾಗೆ ಸೌದಿ ಅರೇಬಿಯಾ ಪೌರತ್ವ ಘೋಷಿಸಿದ್ದು 2017ರ ಅಕ್ಟೋಬರಿನಲ್ಲಿ. ಆಕೆ ಕಾಲು ಹಾಕಿಕೊಂಡು ಕಾಣಿಸಿಕೊಂಡದ್ದು 2018ರ ಜನವರಿಯಲ್ಲಿ. ಅಲ್ಲಿನ ರಕ್ತಮಾಂಸದ ಹೆಂಗಸರು ಕಾನೂನುಬದ್ಧವಾಗಿ ಕಾರು ಓಡಿಸಿದ್ದು ಆ ವರ್ಷದ ಜೂನ್‌ನಲ್ಲಿ. ಸರತಿ ಅಂದರೆ ಹೀಗಿರಬೇಕು.

ಕಾಲಿದ್ದವುಗಳ ಪಾಡೇನು? 2025ರ ಏಪ್ರಿಲ್‌ನ ಬೀಜಿಂಗ್ ಹಾಫ್ ಮ್ಯಾರಥಾನಿನಲ್ಲಿ 21 ರೋಬೋಟ್ ಹೊರಟವು, 6 ಗುರಿ ಮುಟ್ಟಿದವು. ಒಂದು ಆರಂಭದ ಗೆರೆಯಲ್ಲೇ ಮಲಗಿತು. ಗೆದ್ದ ಟಿಯಾನ್‌ಗಾಂಗ್‌ಗೆ ಬೇಕಾದದ್ದು 2 ಗಂಟೆ 40 ನಿಮಿಷ, ಮೂರು ಸಲ ಬ್ಯಾಟರಿ ಬದಲು. ಎಂಜಿನಿಯರರನ್ನು ನೋಡಿ ನಗುವಂತಿಲ್ಲ ಬಿಡಿ. ಎರಡು ಕಾಲಿನ ನಡಿಗೆಯೇ ಬೀಳುತ್ತ ಸಾವರಿಸಿಕೊಳ್ಳುವ ಕಸರತ್ತು. ಮಂಡಿ ಬಗ್ಗಿಸಿ ಸುಮ್ಮನೆ ನಿಂತರೂ ಮೋಟಾರು ಭಾರ ಹೊರುತ್ತಲೇ ಇರಬೇಕು, ಕರೆಂಟು ತಿನ್ನಬೇಕು; ಬಿಸಿ ಏರಿದರೆ ಬಲ ಇಳಿಸಬೇಕು, ಇಲ್ಲವೇ ಸುಟ್ಟುಹೋಗುತ್ತದೆ. ಚಾರ್ಜು ಮುಗಿದರೆ ಚಕ್ರದ ಗಾಡಿ ನಿಲ್ಲುತ್ತದೆ, ಇದು ಮುಗ್ಗರಿಸುತ್ತದೆ. ಅದಕ್ಕೇ ಎಷ್ಟೋ ಪ್ರದರ್ಶನಗಳಲ್ಲಿ ಬೆನ್ನಿಗೊಂದು ಹಗ್ಗ, ಪಕ್ಕದಲ್ಲಿ ರಿಮೋಟ್ ಹಿಡಿದ ಒಬ್ಬ.

ರಷ್ಯಾದವರು 2018ರಲ್ಲಿ ಸುಲಭದ ದಾರಿ ಹಿಡಿದಿದ್ದರು. ಟಿವಿ ಕೊಂಡಾಡಿದ ‘ಬೋರಿಸ್’ ಎಂಬ ರೋಬೋಟ್ ವೇಷದೊಳಗೆ ಮನುಷ್ಯನೇ ಇದ್ದ, ಸಂದಿಯಲ್ಲಿ ಕತ್ತು ಕಂಡಿತು. ಮಾತಾಡಿದ, ಕುಣಿದ, ಬೀಳಲಿಲ್ಲ. ನನ್ನ ಮಟ್ಟಿಗೆ ಇಷ್ಟು ಪರಿಪೂರ್ಣ ಹ್ಯೂಮನಾಯ್ಡ್ ಇನ್ನೊಂದು ಬಂದಿಲ್ಲ. 2024ರ ಅಕ್ಟೋಬರಿನಲ್ಲಿ ಟೆಸ್ಲಾದ ಆಪ್ಟಿಮಸ್ ರೋಬೋಟ್‌ಗಳು ಅತಿಥಿಗಳ ಜೊತೆ ಹರಟುವಾಗ ಮನುಷ್ಯ ಒಳಗಿರಲಿಲ್ಲ. ದೂರದಲ್ಲಿ ಕೂತು ಆಡಿಸುತ್ತಿದ್ದ. ಪ್ರಗತಿ!

‘ರೋಬೋಟ್’ 1920ರಲ್ಲಿ ಕರೆಲ್ ಚಾಪೆಕ್‌ನ ನಾಟಕದಿಂದ ಬಂದ ಮಾತು. ಚೆಕ್ ಭಾಷೆಯಲ್ಲಿ ಅದರ ಬೇರು ಬಿಟ್ಟಿಚಾಕರಿ. ಯಂತ್ರಕ್ಕೆ ಹೆಸರುಂಟು, ಲಿಂಗವುಂಟು, ಒಂದಕ್ಕೆ ಪೌರತ್ವವೂ ಉಂಟು. ಹೆಡ್‌ಸೆಟ್ ಹಾಕಿಕೊಂಡು ಬಟ್ಟೆ ಮಡಚುವ, ಲೋಟ ಎತ್ತಿಡುವ ಕೈಚಲನೆಯನ್ನು ಸಾವಿರ ಸಲ ಮಾಡಿ ಅದಕ್ಕೆ ಕಲಿಸುವ ಕೆಲಸಗಾರನಿಗೆ ಆ ಸುದ್ದಿಯಲ್ಲಿ ಒಂದು ಸಾಲಿಲ್ಲ. ಕಂಪನಿಯ ಕಡತದಲ್ಲಿ ಅವನು ‘ತರಬೇತಿ ದತ್ತಾಂಶ’. ಥೂ.