ಔಟ್‌ಟರ್ನ್ ನೋಡದೆ ಕ್ಲಿಕ್ ಕೊಳ್ಳಬೇಡಿ

ಮೊನ್ನೆ ಆಲ್ದೂರಿನಿಂದ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, ಅಫಿಲಿಯೇಟ್ ಮಾರ್ಕೆಟಿಂಗ್ ಕೋರ್ಸಿಗೆ ಸೇರುತ್ತಿದ್ದೇನೆ. ಇಪ್ಪತ್ತೈದು ಸಾವಿರ ಶುಲ್ಕ. ಮೂರು ತಿಂಗಳಲ್ಲಿ ಈಗಿನ ಕೆಲಸ ಬಿಡಬಹುದಂತೆ" ಎಂದ. ಯಾರು ಹೇಳಿದ್ದು ಎಂದು ಕೇಳಿದೆ. ಕೋರ್ಸ್ ಮಾರುವವರೇ ಹೇಳಿದ್ದಂತೆ. ನನಗೆ ನಗುವೂ ಬಂತು, ಸಿಟ್ಟೂ ಬಂತು. ಅವನಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಕಳೆದ ತಿಂಗಳು ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕು ಜನ ಕೇಳಿದ್ದಾರೆ.

ನಾನು ಚಿಕ್ಕಮಗಳೂರಿನಲ್ಲಿ ಕಾಫಿ ಕೊಳ್ಳುವ ಸಾಹುಕಾರರೊಬ್ಬರ ಬಳಿ ಲೆಕ್ಕ ಬರೆಯುವವನು. ಹಗಲು ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು), ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ, ತೆಳು ಹೊಟ್ಟು ಇರುವ ಬೀಜ), ತೂಕದ ಚೀಟಿ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಈ ಕ್ಲಿಕ್ಕುಗಳ ಲೆಕ್ಕ. ಕಳೆ ಕೊಚ್ಚುವ ಯಂತ್ರಗಳನ್ನು, ಅಂದರೆ ಬ್ರಷ್ ಕಟರ್‌ಗಳನ್ನು, ಆನ್‌ಲೈನ್‌ನಲ್ಲಿ ಮಾರುವ ಒಂದು ಕಂಪನಿಗೆ ಗಿರಾಕಿಗಳನ್ನು ಕಳಿಸುತ್ತೇನೆ. ಹದಿನಾಲ್ಕು ಸಾವಿರದ ಯಂತ್ರ ಮಾರಾಟವಾದರೆ ನನಗೆ ಶೇಕಡಾ ಆರು, ಅಂದರೆ 840 ರೂಪಾಯಿ. ಮಾಲು ನನ್ನದಲ್ಲ, ಗೋದಾಮಿಲ್ಲ, ಸಾಗಣೆಯ ತಲೆನೋವಿಲ್ಲ. ನೇರವಾಗಿ ಹೇಳುವುದಾದರೆ ದಲ್ಲಾಳಿ ಕೆಲಸ. ಈ ಪದ ಕೇಳಿ ಮುಖ ಸಿಂಡರಿಸುವವರು ಅಫಿಲಿಯೇಟ್ ಎಂದರೆ ಮಾತ್ರ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

ಗಿರಾಕಿಗಳನ್ನು ಕರೆತರಲು ಎರಡು ದಾರಿ. ಬ್ಲಾಗ್ ಅಥವಾ ವಿಡಿಯೊ ಮಾಡಿ ವರ್ಷಗಟ್ಟಲೆ ಕಾಯುವುದು ಒಂದು. ಗೂಗಲ್‌ಗೆ ಹಣ ಕೊಟ್ಟು, ಅಲ್ಲಿ ಹುಡುಕುವವರಿಗೆ ಜಾಹೀರಾತು ತೋರಿಸುವುದು ಇನ್ನೊಂದು. ನಾನು ಎರಡನೆಯದನ್ನು ಹಿಡಿದೆ, ಕಾಯುವ ತಾಳ್ಮೆ ಇರಲಿಲ್ಲ. ಜಾಹೀರಾತು ಕಾಣಿಸಿದ್ದಕ್ಕೆ ದುಡ್ಡಿಲ್ಲ, ಒತ್ತಿದರೆ ಮಾತ್ರ ದುಡ್ಡು ಎಂಬುದೇ ನನ್ನನ್ನು ಮರುಳು ಮಾಡಿದ್ದು. ಒತ್ತುವವರೆಲ್ಲ ಕೊಳ್ಳುವವರಲ್ಲ ಎನ್ನುವುದು ಹೊಳೆಯಲಿಲ್ಲ. ಹಗಲೆಲ್ಲ ನಾನು ಬರೆಯುವುದೇ ಔಟ್‌ಟರ್ನ್ ಲೆಕ್ಕ, ಆದರೂ!

ಕಾಫಿಯವರಲ್ಲದವರಿಗೆ ಇಷ್ಟು ಹೇಳಬೇಕು. ಬೆಳೆಗಾರರು ಚೆರಿ ಮೂಟೆ ತಂದಿಳಿಸಿದ ತಕ್ಷಣ ನಮ್ಮ ಸಾಹುಕಾರರು ದರ ಹೇಳುವುದಿಲ್ಲ. ಮೂಟೆಗಳಿಂದ ಮಾದರಿ ತೆಗೆಸುತ್ತಾರೆ, ತೇವ ನೋಡುತ್ತಾರೆ, ಸಿಪ್ಪೆ ಬಿಡಿಸಿ ಬೀಜ ತೂಗಿಸುತ್ತಾರೆ. ಐವತ್ತು ಕೆಜಿ ಚೆರಿಯಲ್ಲಿ ಬೀಜ ಎಷ್ಟು ಕೆಜಿ ಬರುತ್ತದೆ ಎಂಬುದೇ ಔಟ್‌ಟರ್ನ್, ನಮ್ಮ ಬಾಯಲ್ಲಿ ಓಟಿ. ಇಪ್ಪತ್ತಾರು ಬಂದರೆ ಒಂದು ಹಣ, ಇಪ್ಪತ್ತೆಂಟು ಬಂದರೆ ಇನ್ನೊಂದು ಹಣ. ಮೂಟೆಯ ಹೊರಗಿನ ಅಂದ ನೋಡಿ ಕೊಂಡವನು ಮುಳುಗಿದ ಹಾಗೆಯೇ. ಕ್ಲಿಕ್ ಕೂಡ ಚೆರಿಯೇ. ನೂರು ಕ್ಲಿಕ್ಕಿನಲ್ಲಿ ಎಷ್ಟು ಮಾರಾಟ ಬೀಳುತ್ತದೆ ಎಂದು ತೂಗಿ ನೋಡುವ ಮೊದಲೇ ನಾನು ಮೂಟೆ ಎತ್ತಿದೆ.

ಮೊದಲ ಸಲ ದಿನಕ್ಕೆ 500 ರೂಪಾಯಿಯಂತೆ ಹನ್ನೆರಡು ದಿನ ಓಡಿಸಿದೆ. ಕ್ಲಿಕ್ಕಿಗೆ ಸರಾಸರಿ ಆರು ರೂಪಾಯಿ ಬಿತ್ತು, ಸಾವಿರದಷ್ಟು ಕ್ಲಿಕ್ ಬಂದವು. ಆರು ಸಾವಿರ ಖರ್ಚು, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 7,080. ಜಿಎಸ್‌ಟಿ ನೋಂದಣಿ ಇಲ್ಲದ ನನ್ನಂಥವನಿಗೆ ಆ 1,080 ವಾಪಸ್ ಬರುವ ಮಾತಿಲ್ಲ. ಮಾರಾಟವಾದದ್ದು ಮೂರು ಯಂತ್ರ, ಅದರಲ್ಲಿ ಒಂದು ಹಿಂದಿರುಗಿತು. ಗಿರಾಕಿ ಮಾಲು ಹಿಂದಿರುಗಿಸಿದರೆ ನನ್ನ ಕಮಿಷನ್ನೂ ಅದರ ಜೊತೆಗೇ ಹೋಗುತ್ತದೆ. ಕೈಗೆ ಬಂದದ್ದು 1,680. ಕೈಬಿಟ್ಟು ಹೋದದ್ದು 5,400.

ತಪ್ಪು ಎಲ್ಲಿತ್ತು ಎಂಬುದನ್ನು ಹೇಳಿದ್ದು 'ಸರ್ಚ್ ಟರ್ಮ್ಸ್' ವರದಿ. ಯಾವ ಮಾತು ಹುಡುಕಿದವರಿಗೆ ಜಾಹೀರಾತು ಕಾಣಬೇಕೆಂದು ನಾವು ಆರಿಸಿಕೊಂಡ ಕೀವರ್ಡ್ ಬೇರೆ, ಜನ ನಿಜವಾಗಿ ಟೈಪ್ ಮಾಡಿದ ಮಾತು ಬೇರೆ. ಆ ಮಾತುಗಳನ್ನು ಈ ವರದಿ ತೋರಿಸುತ್ತದೆ. (ಎಲ್ಲವನ್ನೂ ಅಲ್ಲ. ತೀರಾ ಕಡಿಮೆ ಜನ ಹುಡುಕಿದ್ದನ್ನು 2020ರ ಸೆಪ್ಟೆಂಬರಿನಿಂದ ಗೂಗಲ್ ಬಚ್ಚಿಡುತ್ತದೆ.) ಒಂದು ಭಾನುವಾರ ಹಳೆಯ ಲೆಡ್ಜರ್ ಪುಸ್ತಕದ ಖಾಲಿ ಹಾಳೆಗಳಲ್ಲಿ ಅವನ್ನೆಲ್ಲ ಕೈಯಲ್ಲಿ ಬರೆದುಕೊಂಡು ಕುಳಿತೆ. 'ಬ್ರಷ್ ಕಟರ್ ಬಾಡಿಗೆ.' 'ಬ್ರಷ್ ಕಟರ್ ರಿಪೇರಿ ಮೂಡಿಗೆರೆ.' 'ಸೆಕೆಂಡ್ ಹ್ಯಾಂಡ್.' 'ಬ್ಲೇಡ್ ಮಾತ್ರ.' 'ಕಾರ್ಬೊರೇಟರ್ ಬಿಚ್ಚುವುದು ಹೇಗೆ.' 'ಕೃಷಿ ಇಲಾಖೆ ಸಬ್ಸಿಡಿ ಅರ್ಜಿ.' ಯಂತ್ರ ಬಾಡಿಗೆಗೆ ಬೇಕಾದವರು ಕೃಷಿ ಯಂತ್ರಧಾರೆ ಕೇಂದ್ರ ಹುಡುಕುತ್ತಿದ್ದರು, ನಾನು ಅವರಿಗೆ ಹೊಸ ಯಂತ್ರ ತೋರಿಸಿ ಆರಾರು ರೂಪಾಯಿ ತೆತ್ತಿದ್ದೆ. ಕಾರ್ಬೊರೇಟರ್ ಬಿಚ್ಚಿಟ್ಟುಕೊಂಡು ಕುಳಿತ ಆ ಪುಣ್ಯಾತ್ಮನ ಮನೆಯಲ್ಲಿ ಯಂತ್ರ ಆಗಲೇ ಇತ್ತಲ್ಲ!

ಕಾರಣ ಬ್ರಾಡ್ ಮ್ಯಾಚ್. ಕೀವರ್ಡನ್ನು ಮೂರು ಬಗೆಯಲ್ಲಿ ಕೊಡಬಹುದು: ಬ್ರಾಡ್, ಫ್ರೇಸ್, ಎಕ್ಸಾಕ್ಟ್. ಬರಿದಾಗಿ ಟೈಪ್ ಮಾಡಿದರೆ ಅದು ಬ್ರಾಡ್, ಹತ್ತಿರದ ಅರ್ಥದ್ದೆಲ್ಲವೂ ಬಲೆಗೆ ಬೀಳುತ್ತದೆ. ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಫ್ರೇಸ್, ಚೌಕ ಆವರಣದೊಳಗೆ ಇಟ್ಟರೆ ಎಕ್ಸಾಕ್ಟ್, ಬಲೆಯ ಕಣ್ಣು ಕಿರಿದಾಗುತ್ತಾ ಹೋಗುತ್ತದೆ. ಇದಲ್ಲದೆ ಬೇಡದ ಮಾತುಗಳ ಪಟ್ಟಿ, ಅಂದರೆ ನೆಗೆಟಿವ್ ಕೀವರ್ಡ್, ಕೊಡಬೇಕು. ಅದು ಸಮಾನಾರ್ಥಕ ಪದಗಳನ್ನು ತಾನಾಗಿ ಹಿಡಿಯುವುದಿಲ್ಲ. 'ರೆಂಟ್' ಎಂದು ಬರೆದರೆ 'ಹೈರ್' ನುಸುಳುತ್ತದೆ, 'ಬಾಡಿಗೆ'ಯಂತೂ ರಾಜಾರೋಷವಾಗಿ ಬರುತ್ತದೆ. ನಮ್ಮ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ, ಒಬ್ಬೊಬ್ಬರದು ಒಂದೊಂದು ಕಾಗುಣಿತ. 'ಬಾಡಿಗೆ' ಒಂದಕ್ಕೇ ನನ್ನ ಪಟ್ಟಿಯಲ್ಲಿ ಏಳು ರೂಪಗಳಿವೆ. ಈ ಏಳನ್ನು ಯಾವ ಕೋರ್ಸಿನವನೂ ನಿಮಗೆ ಹೇಳಲಾರ, ಅವನು ಮಲೆನಾಡಿನವನಲ್ಲ.

ಇನ್ನು ಸೆಟ್ಟಿಂಗ್‌ಗಳು. ಸರ್ಚ್ ಜಾಹೀರಾತು ಮಾಡುವಾಗ ಡಿಸ್‌ಪ್ಲೇ ನೆಟ್‌ವರ್ಕ್ (ಬೇರೆ ಜಾಲತಾಣಗಳಲ್ಲೂ ಜಾಹೀರಾತು ತೋರಿಸುವ ವ್ಯವಸ್ಥೆ) ಎಂಬ ಚೌಕಕ್ಕೆ ಮೊದಲೇ ಟಿಕ್ ಬಿದ್ದಿರುತ್ತದೆ, ತೆಗೆಯಿರಿ. ಸ್ಥಳ ಚಿಕ್ಕಮಗಳೂರು ಎಂದು ಕೊಟ್ಟರೂ, ಇಲ್ಲಿರುವವರ ಜೊತೆಗೆ ಈ ಊರಿನ ಬಗ್ಗೆ ಆಸಕ್ತಿ ತೋರಿದವರೂ ಮೊದಲ ಆಯ್ಕೆಯಲ್ಲಿ ಸೇರಿರುತ್ತಾರೆ, ಬದಲಿಸಿ. ದಿನಕ್ಕೆ 500 ಎಂದರೆ ಒಂದು ದಿನ ಸಾವಿರದವರೆಗೂ ಹೋಗಬಹುದು, ತಿಂಗಳಿಗೆ ಮಾತ್ರ ದಿನದ ಮೊತ್ತದ 30.4 ಪಟ್ಟು ಮೀರುವುದಿಲ್ಲ. ಇದೆಲ್ಲ ಅಲ್ಲಿಯೇ ಬರೆದಿದೆ. ಓದದೆ ಮುಂದೆ ಮುಂದೆ ಎಂದು ಒತ್ತಿದ್ದು ನಾನು.

ಯಾರ ಜಾಹೀರಾತು ಮೇಲೆ ಕಾಣಬೇಕು ಎಂಬುದು ಹರಾಜಿನಲ್ಲಿ ತೀರ್ಮಾನವಾಗುತ್ತದೆ. ಈ ಹರಾಜಿನ ವಿಷಯ ನನಗೆ ಬಹಳ ಹಿಡಿಸಿತು. ಅರಸೀಕೆರೆಯ ಕೊಬ್ಬರಿ ಟೆಂಡರಿನಲ್ಲಿ ಹೆಚ್ಚು ಬರೆದವನಿಗೆ ಮಾಲು. ಹುಡುಕಾಟದ ಜಾಗವನ್ನು 1998ರಲ್ಲಿ ಮೊದಲು ಹರಾಜಿಗಿಟ್ಟ ಗೋಟು ಡಾಟ್ ಕಾಮ್ ಎಂಬ ಹುಡುಕಾಟದ ತಾಣದಲ್ಲಿಯೂ ಹಾಗೆಯೇ ಇತ್ತು. ಗೂಗಲ್ 2000ರಲ್ಲಿ ತನ್ನ ಜಾಹೀರಾತು ಸೇವೆ ಆಡ್‌ವರ್ಡ್ಸ್ ಆರಂಭಿಸಿ, 2002ರಲ್ಲಿ ಕ್ಲಿಕ್ಕಿನ ಹರಾಜಿಗೆ ಬಂದಾಗ, ಜನ ಯಾವ ಜಾಹೀರಾತನ್ನು ಹೆಚ್ಚು ಒತ್ತುತ್ತಾರೆ ಎಂಬುದನ್ನೂ ತಕ್ಕಡಿಗೆ ಹಾಕಿತು. ಈಗ ಕ್ವಾಲಿಟಿ ಸ್ಕೋರ್ ಎಂದು ಒಂದರಿಂದ ಹತ್ತರವರೆಗೆ ಅಂಕ ತೋರಿಸುತ್ತದೆ. ಒತ್ತುವ ಸಾಧ್ಯತೆ, ಹುಡುಕಿದ ಮಾತಿಗೂ ಜಾಹೀರಾತಿಗೂ ಇರುವ ಹೊಂದಾಣಿಕೆ, ಒತ್ತಿದ ಮೇಲೆ ತೆರೆಯುವ ಪುಟ, ಈ ಮೂರನ್ನು ನೋಡಿ ಕೊಡುವ ಅಂಕ. ಪುಟ ಚೆನ್ನಾಗಿದ್ದರೆ ಕಡಿಮೆ ಬೆಲೆ ಕೂಗಿದವನೂ ಮೇಲೆ ಕೂರಬಹುದು. ನನ್ನಂಥ ಬಡವನಿಗೆ ಇರುವ ಕಿಂಡಿ ಅದೊಂದೇ.

ಆದರೆ ನನ್ನ ಮೊದಲ ಪುಟದಲ್ಲಿ ಒಂದು ಚಿತ್ರ, ಒಂದು 'ಈಗಲೇ ಕೊಳ್ಳಿ' ಗುಂಡಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಬೇರೆ ಕಡೆಗೆ ದಾಟಿಸುವುದಕ್ಕೆಂದೇ ಇರುವ ಇಂಥ ಪುಟಕ್ಕೆ ಬ್ರಿಡ್ಜ್ ಪೇಜ್ ಎಂದು ಹೆಸರು, ಗೂಗಲ್ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ. ಹದಿಮೂರನೆಯ ದಿನ ಜಾಹೀರಾತು ತಿರಸ್ಕೃತವಾಯಿತು. ನ್ಯಾಯವಾಗಿಯೇ ಆಯಿತು ಎನ್ನುತ್ತೇನೆ. ಅಂದಹಾಗೆ, ಕಂಪನಿಗಳ ಕರಾರನ್ನೂ ಓದಿಕೊಳ್ಳಿ. 1996ರಿಂದ ಇರುವ ಅಮೆಜಾನ್ ಅಸೋಸಿಯೇಟ್ಸ್ ಎಂಬ ಅಫಿಲಿಯೇಟ್ ಯೋಜನೆಯಲ್ಲಿ ಸರ್ಚ್ ಜಾಹೀರಾತು ಕೊಂಡು ಜನರನ್ನು ನೇರವಾಗಿ ಅವರ ಮಳಿಗೆಗೆ ಕಳಿಸುವುದು ನಿಷಿದ್ಧ. ಕಂಪನಿಯ ಹೆಸರನ್ನೇ ಕೀವರ್ಡ್ ಮಾಡಿಕೊಳ್ಳುವುದನ್ನು ಅನೇಕರು ಒಪ್ಪುವುದಿಲ್ಲ. ಗೊತ್ತಿಲ್ಲದೆ ಮಾಡಿದರೆ ದುಡಿದ ಕಮಿಷನ್ ಕೂಡ ಕೈಗೆ ಬರುವುದಿಲ್ಲ.

ಆಮೇಲೆ ಒಂದು ತಿಂಗಳು ಜಾಹೀರಾತಿಗೆ ಪೈಸೆ ಹಾಕಲಿಲ್ಲ, ಪುಟ ಬರೆದೆ. ಅಂಗಡಿಗೆ ಬರುವ ಬೆಳೆಗಾರರನ್ನೇ ಕೇಳಿದೆ. ತೂಕದ ತಕ್ಕಡಿಯ ಪಕ್ಕ ಕುಳಿತ ಬಾಳೆಹೊನ್ನೂರು ಕಡೆಯ ಗೌಡರೊಬ್ಬರು, "ಏನಪ್ಪಾ, ಯಂತ್ರ ಎಷ್ಟು ಸಿಸಿ ಎಂದು ಬರೆದರೆ ಏನು ಬಂತು? ಇಳಿಜಾರಿನಲ್ಲಿ ಬೆನ್ನಿಗೆ ಹಾಕಿಕೊಳ್ಳುವುದು ಒಳ್ಳೆಯದೋ, ಹೆಗಲಿಗೆ ಹಾಕಿಕೊಳ್ಳುವುದೋ, ಅದನ್ನು ಬರೆ. ಗಿಡದ ಬುಡಕ್ಕೆ ಬ್ಲೇಡ್ ತಾಗಿದರೆ ತೊಗಟೆ ಹೋಗುತ್ತದೆ, ಅಲ್ಲಿ ನೈಲಾನ್ ದಾರ ಹಾಕು ಎಂದು ಬರೆ" ಎಂದರು. ಬರೆದೆ. ಯಾವ ಯಂತ್ರ ನಮ್ಮ ಏರು ತೋಟಕ್ಕೆ ಒಗ್ಗುವುದಿಲ್ಲ ಎಂಬುದನ್ನೂ ಬರೆದೆ. ಈ ಪುಟದಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ ಎಂದು ಮೇಲೆಯೇ ಹಾಕಿದೆ. ಲಾಭದ ಸಂಬಂಧವಿದ್ದರೆ ಸ್ಪಷ್ಟವಾಗಿ ಹೇಳಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸಾಮಾಜಿಕ ಜಾಲತಾಣದ ಪ್ರಭಾವಿಗಳಿಗೆ ಮಾರ್ಗಸೂಚಿ ಕೊಟ್ಟಿತ್ತು. ನಾನೇನೂ ಪ್ರಭಾವಿಯಲ್ಲ, ನಮ್ಮ ಬೀದಿಯ ನಾಯಿಯೂ ನನ್ನ ಮಾತು ಕೇಳುವುದಿಲ್ಲ. ಆದರೂ ಹಾಕಿದೆ. ಮಾರಾಟ ಅದರಿಂದ ಕುಗ್ಗಲಿಲ್ಲ.

ಎರಡನೆಯ ಸಲ ಮಳೆ ಇಳಿದು ತೋಟದಲ್ಲಿ ಕಳೆ ಎದ್ದ ಸೆಪ್ಟೆಂಬರಿನಲ್ಲಿ ಹಾಕಿದೆ. 'ಬೆಲೆ', 'ಯಾವುದು ಒಳ್ಳೆಯದು', 'ಕಾಫಿ ತೋಟಕ್ಕೆ' ಎಂಬ ಮಾತುಗಳಿರುವ ಫ್ರೇಸ್ ಕೀವರ್ಡ್ ಮಾತ್ರ. ಕ್ಲಿಕ್ ದುಬಾರಿಯಾಯಿತು, ಒಂಬತ್ತು ರೂಪಾಯಿ. ತೆರಿಗೆ ಸೇರಿ 10 ರೂಪಾಯಿ 62 ಪೈಸೆ. 840ನ್ನು ಇದರಿಂದ ಭಾಗಿಸಿದರೆ 79. ಅಂದರೆ 79 ಕ್ಲಿಕ್ಕಿಗೆ ಒಂದು ಯಂತ್ರವಾದರೂ ಹೋಗಲೇಬೇಕು, ಇಲ್ಲದಿದ್ದರೆ ನಷ್ಟ. ಈ ಒಂದು ಸಂಖ್ಯೆಯನ್ನು ಜಾಹೀರಾತು ಹಾಕುವ ಮೊದಲು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. 400 ಕ್ಲಿಕ್ ಬಂದವು, ಹತ್ತು ಮಾರಾಟ, ಒಂದು ವಾಪಸ್. ಬಂದದ್ದು 7,560, ಖರ್ಚು 4,248, ಉಳಿದದ್ದು 3,312. ಅದೂ ಕೂಡಲೇ ಅಲ್ಲ. ಜಾಹೀರಾತಿನ ಹಣ ಅಂದೇ ಹೋಗುತ್ತದೆ, ಕಮಿಷನ್ ಮಾತ್ರ ಮಾಲು ವಾಪಸಾಗುವ ಅವಧಿ ಮುಗಿದು, ತಿಂಗಳು ಕಳೆದು ಬರುತ್ತದೆ. ಆ ನಡುವಿನ ದಿನಗಳನ್ನು ದಾಟಿಸಲು ಕೈಯಲ್ಲಿ ಹಣವಿರಬೇಕು. ಸಂಬಳದ ಕೆಲಸ ಬಿಡು ಎನ್ನುವವರ ಮಾತಿಗೆ ನನಗೆ ಸಿಟ್ಟು ಬರುವುದು ಇದಕ್ಕೇ.

ಸಾಹುಕಾರರಿಗೆ ಈ ಲೆಕ್ಕ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿ, "ನೂರಕ್ಕೆ ಎರಡೂವರೆ ಓಟಿ. ನನ್ನ ಅಂಗಡಿಗೆ ಇಂಥ ಚೆರಿ ತಂದಿದ್ದರೆ ಲಾರಿ ಸಮೇತ ವಾಪಸ್ ಕಳಿಸುತ್ತಿದ್ದೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಮಾದರಿ ನೋಡಿ ಕೊಂಡಿದ್ದೀಯಲ್ಲ, ಅಷ್ಟು ಸಾಕು" ಎಂದೂ ಸೇರಿಸಿದರು.

ಅಕ್ಕನ ಮಗನಿಗೆ ಕೋರ್ಸಿನ ಇಪ್ಪತ್ತೈದು ಸಾವಿರದಲ್ಲಿ ಮೂರು ಸಾವಿರ ಮಾತ್ರ ತೆಗೆದಿಡು ಎಂದಿದ್ದೇನೆ. ಅವನು ಬೈಕ್ ಗ್ಯಾರೇಜಿನಲ್ಲಿ ಆರು ವರ್ಷ ಕೆಲಸ ಮಾಡಿದವನು, ಘಟ್ಟದ ಮಳೆಗೆ ಯಾವ ಟೈರ್ ನಿಲ್ಲುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾನೆ. ಮೊದಲು ಅದನ್ನೇ ಪುಟ ಮಾಡಿ ಬರೆಯಲಿ. ಭಾನುವಾರ ಬರುತ್ತಾನಂತೆ, ಲೆಡ್ಜರ್ ತೆಗೆದಿಟ್ಟಿದ್ದೇನೆ.