ಹಸು ನೋಡಲು ಒಂದೂವರೆ ಸಾವಿರ, ಬಸ್ ಚಾರ್ಜ್ ಬೇರೆ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಪೋಷಕರ ಫೋನಿಗೆ ಎರಡು ಸುತ್ತೋಲೆ ಬಂದು ಬೀಳುತ್ತವೆ. ಒಂದು ಸ್ಕೂಲ್ ಟ್ರಿಪ್ಪಿನದು, ಇನ್ನೊಂದು ಮುಂದಿನ ಟರ್ಮಿನ ಆಫ್ಟರ್ ಸ್ಕೂಲ್ ಕ್ಲಬ್ಬುಗಳದು. ಮೊದಲನೆಯದರಲ್ಲಿ ಮರಗಿಡಗಳ ಚಿತ್ರ, ಎರಡನೆಯದರಲ್ಲಿ ರಾಕೆಟ್ಟಿನ ಚಿತ್ರ. ಕೊನೆಗೆ ಎರಡರಲ್ಲೂ ಕ್ಯೂಆರ್ ಕೋಡ್.

ಈ ಸಲ ಒಂದನೇ ಕ್ಲಾಸಿನವರಿಗೆ ‘ಫಾರ್ಮ್ ಎಕ್ಸ್‌ಪೀರಿಯೆನ್ಸ್’. ದೇವನಹಳ್ಳಿ ಕಡೆಯ ಒಂದು ತೋಟಕ್ಕೆ ಹೋಗಿ ಬರುವುದು. ಕಲಿಕೆಯ ಗುರಿಗಳನ್ನು ಬುಲೆಟ್ ಪಾಯಿಂಟಿನಲ್ಲಿ ಕೊಟ್ಟಿದ್ದರು: ಹಸುವನ್ನು ಹತ್ತಿರದಿಂದ ಗುರುತಿಸುವುದು, ಹಾಲಿನ ಮೂಲ ತಿಳಿಯುವುದು, ಮಣ್ಣನ್ನು ಮುಟ್ಟುವುದು, ಊಟವಾದ ಮೇಲೆ ಹದಿನೈದು ನಿಮಿಷ ರೈತರಿಗೆ ಕೃತಜ್ಞತೆ ಸಲ್ಲಿಸುವುದು. ತಲೆಗೆ ಒಂದೂವರೆ ಸಾವಿರ, ಬಸ್ ಚಾರ್ಜ್ ಬೇರೆ. ಟ್ರಿಪ್ ಕಡ್ಡಾಯವಲ್ಲ ಎಂದೂ ಬರೆದಿದ್ದರು. ಹೋಗದವರು ಆ ದಿನ ಲೈಬ್ರರಿಯಲ್ಲಿ ಕೂರಬಹುದು, ಮುಂದಿನ ವಾರದ ವರ್ಕ್‌ಶೀಟ್ ಮಾತ್ರ ಟ್ರಿಪ್ಪಿನ ಮೇಲೆಯೇ ಇರುತ್ತದೆ. ಇಂಥ ಸ್ವಾತಂತ್ರ್ಯ ಕೊಟ್ಟ ಮೇಲೆ ಯಾವ ಅಪ್ಪ ತಾನೇ ಹಣ ಕಟ್ಟದೆ ಇದ್ದಾನು?

ಆ ಶಾಲೆಯ ಗೇಟಿನ ಎದುರಿಗೇ ದಿನಾ ಒಂದು ಹಸು ಮಲಗಿರುತ್ತದೆ. ಬಿಳಿ ಮೈ, ಮುರಿದ ಬಲಗೊಂಬು, ಕಿವಿಗೆ ಹಳದಿ ಬಿಲ್ಲೆ. ಅದಕ್ಕೆ ಕ್ಯಾಂಟೀನಿನ ಚಪಾತಿಯ ರುಚಿ ಗೊತ್ತು, ಸ್ಕೂಲ್ ವ್ಯಾನುಗಳ ಟೈಮೂ ಗೊತ್ತು. ಬೆಳಗ್ಗೆ ಬರುವಾಗ ಮಕ್ಕಳು ಅದರ ಕಡೆ ಕೈ ಚಾಚಿದರೆ ಆಯಾ ಗದರುತ್ತಾಳೆ, ಇನ್‌ಫೆಕ್ಷನ್ ಆಗುತ್ತದೆ ಅಂತ. ಟ್ರಿಪ್ಪಿನ ದಿನ ಅದು ಎಂದಿನಂತೆ ಬಸ್ಸಿಗೆ ಅಡ್ಡ ಮಲಗಿತ್ತು. ಸೆಕ್ಯೂರಿಟಿಯವನು ಕೋಲು ತಂದು ಅದನ್ನು ಎಬ್ಬಿಸಿ ಓಡಿಸಿದ. ದಾರಿ ಬಿಟ್ಟಿತು. ಮಕ್ಕಳು ಹಸು ನೋಡಲು ಹೊರಟರು.

ಹೊರಡುವ ಮುಂಚೆ ಒಪ್ಪಿಗೆ ಪತ್ರವಿತ್ತಲ್ಲ, ಅದನ್ನು ಯಾರಾದರೂ ಓದಿದ್ದಾರೋ ಇಲ್ಲವೋ ಗೊತ್ತಿಲ್ಲ. ಬಸ್ಸು, ಬಿಸಿಲು, ಜೇನುನೊಣ, ಹಸು, ಊಟ, ದೈವೇಚ್ಛೆ, ಇವುಗಳಿಂದ ಏನೇ ಆದರೂ ಆಡಳಿತ ಮಂಡಳಿ ಜವಾಬ್ದಾರಿಯಲ್ಲ. ಮಗು ಸ್ವಂತ ಇಚ್ಛೆಯಿಂದ ಹೋಗುತ್ತಿದೆ. ತಾನಾಗಿ ಟಾಯ್ಲೆಟ್ಟಿಗೆ ಹೋಗಲು ಪರ್ಮಿಷನ್ ಕೇಳಬೇಕಾದ ಆರು ವರ್ಷದ ಮಗುವಿಗೆ ಕಾನೂನಿನ ಕಣ್ಣಿನಲ್ಲಿ ಸ್ವಂತ ಇಚ್ಛೆ ಹುಟ್ಟುವುದು ಈ ಒಂದು ಹಾಳೆಯಲ್ಲಿ ಮಾತ್ರ. ಮಕ್ಕಳ ಜವಾಬ್ದಾರಿಯನ್ನು ನಿಜಕ್ಕೂ ಹೊತ್ತವರು ಆ ಇಬ್ಬರು ಮಿಸ್ಸುಗಳು. ಕೈಯಲ್ಲಿ ಗಂಟು ಹಾಕಿದ ಉದ್ದನೆಯ ಹಗ್ಗ, ಗಂಟಿಗೊಂದು ಮಗು. ಬಸ್ ಹತ್ತುವಾಗ ಎಣಿಕೆ, ಇಳಿಯುವಾಗ ಎಣಿಕೆ, ನಡುವೆ ಸುಮ್ಮನೆ ಭಯಕ್ಕೆ ಇನ್ನೊಂದು ಎಣಿಕೆ. ಆ ಪತ್ರದಲ್ಲಿ ಅವರ ಹೆಸರೇ ಇಲ್ಲ.

ಡ್ರೆಸ್ ಕೋಡ್ ‘ರೈತ’. ಹಿಂದಿನ ರಾತ್ರಿ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹತ್ತು ನಿಮಿಷದಲ್ಲಿ ಸಾಮಾನು ತಂದುಕೊಡುವ ಹುಡುಗರದ್ದೇ ಓಡಾಟ. ಯಾರಿಗೋ ಪುಟಾಣಿ ಪಂಚೆ, ಯಾರಿಗೋ ಹುಲ್ಲಿನ ಟೋಪಿ, ಇನ್ಯಾರಿಗೋ ಪ್ಲಾಸ್ಟಿಕ್ ಕುಡುಗೋಲು. ಒಬ್ಬ ತಾಯಿ ಗ್ರೂಪಿನಲ್ಲಿ ಕೇಳಿದರು: “ರೈತರು ಶೂ ಹಾಕ್ತಾರಾ? ಸಾಕ್ಸ್ ಯಾವ ಕಲರ್?” ಕ್ಲಾಸ್ ಟೀಚರ್ ಉತ್ತರ: “ಬ್ರೌನ್ ಈಸ್ ಓಕೆ ಮ್ಯಾಮ್.”

ತೋಟಕ್ಕೆ ಇಳಿದಾಗ ಎದುರು ಬಂದ ಮನುಷ್ಯ ಆರ್‌ಸಿಬಿ ಜೆರ್ಸಿ ಹಾಕಿದ್ದ. ಹಿಂದುಗಡೆ 18 ನಂಬರು, ಕೆಳಗೆ ಬರ್ಮುಡಾ, ಕಿವಿಯಲ್ಲಿ ಇಯರ್‌ಫೋನು. ರೈತನ ವೇಷದ ಮೂವತ್ತು ಮಕ್ಕಳು ಅವನನ್ನು ನೋಡಿದರು, ಅವನು ಅವರನ್ನು ನೋಡಿದ. ಯಾರಿಗೂ ಯಾರ ಗುರುತೂ ಸಿಗಲಿಲ್ಲ.

“ಮಿಸ್, ಫಾರ್ಮರ್ ಎಲ್ಲಿ?”

“ನಾನss ನೋಡವ್ವಾ,” ಅಂದ ಅವನು. ರಾಯಚೂರಿನ ಕಡೆಯವನು. ಊರಲ್ಲಿ ಸ್ವಂತ ಹೊಲ ಬೀಳು ಬಿಟ್ಟು ಇಲ್ಲಿ ತಿಂಗಳ ಸಂಬಳಕ್ಕೆ ರೈತನಾಗಿ ಸೇರಿಕೊಂಡವನು.

ಮಕ್ಕಳು ಒಪ್ಪಲಿಲ್ಲ. ಒಬ್ಬಳು ಅಳುವುದಕ್ಕೇ ಶುರುಮಾಡಿದಳು. ತೋಟದ ಮ್ಯಾನೇಜರ್ ಅನುಭವಸ್ಥ, ಆಫೀಸಿಗೆ ಓಡಿ ಒಂದು ಕೆಂಪು ಟವೆಲ್ ತಂದು ಅವನ ತಲೆಗೆ ಸುತ್ತಿದ. ಚಪ್ಪಾಳೆ ಬಿತ್ತು. ಕೃತಜ್ಞತೆಯ ಹದಿನೈದು ನಿಮಿಷವೂ ಆ ಟವೆಲ್ಲಿಗೇ ಸಂದಿತು.

ಇನ್ನು ಹಾಲು. ತೋಟದ ಹಸುವಿನ ಹಾಲನ್ನು ಬೆಳಗಿನ ಐದಕ್ಕೇ ಮಷೀನಿನಲ್ಲಿ ಕರೆದು ಡೈರಿಗೆ ಹಾಕಿಯಾಗಿತ್ತು. ಹನ್ನೊಂದೂವರೆಗೆ ಹೆಬ್ಬಾಳದ ಟ್ರಾಫಿಕ್ ದಾಟಿ ಬರುವ ಮಕ್ಕಳಿಗಾಗಿ ಕೆಚ್ಚಲು ತುಂಬಿಕೊಂಡು ಕಾಯಲು ಅದಕ್ಕೇನು ಸುತ್ತೋಲೆ ಬಂದಿರಲಿಲ್ಲ. ಹಾಗಾಗಿ ಅಲ್ಲಿ ಪ್ಲೈವುಡ್ಡಿನ ಹಸು ಇಟ್ಟಿದ್ದಾರೆ. ಕಪ್ಪು-ಬಿಳಿ ಪೇಂಟು, ನಗುಮುಖ, ಉದ್ದ ರೆಪ್ಪೆ. ಹೊಟ್ಟೆಯ ಕೆಳಗೆ ನೀರು ತುಂಬಿದ ರಬ್ಬರ್ ಗ್ಲೌಸು ನೇತುಹಾಕಿ ಬೆರಳ ತುದಿಗೆ ಸೂಜಿಯಿಂದ ತೂತು ಮಾಡಿದ್ದಾರೆ. ಮಕ್ಕಳು ಸಾಲಾಗಿ ಬಂದು, ಸ್ಯಾನಿಟೈಸರ್ ಹಚ್ಚಿಕೊಂಡು, ಕೈಗವಸನ್ನು ಹಿಂಡಿ, ಫೋಟೋ ತೆಗೆಸಿಕೊಂಡು ಮುಂದೆ ಹೋಗಬೇಕು. ಒಂದು ಮಗುವಿಗೆ ಒಂದು ಬೆರಳು. ಇಪ್ಪತ್ತು ಅಡಿ ದೂರದಲ್ಲಿ ನಿಜವಾದ ಹಸು ಮೇವು ಮೇಯುತ್ತ ಇವರನ್ನೇ ನೋಡುತ್ತಿತ್ತು. ಅದರ ಹತ್ತಿರ ಹೋಗುವಂತಿಲ್ಲ, ಒದ್ದರೆ? ಊಟದ ಹೊತ್ತಿಗೆ ರಾಗಿ ಮುದ್ದೆ ಕಟ್ಟುವುದನ್ನು ತೋರಿಸಿದರು, ತಿನ್ನಲು ನೂಡಲ್ಸ್ ಕೊಟ್ಟರು.

ಅತ್ತ ಸರ್ಕಾರಿ ಶಾಲೆಗಳಲ್ಲಿ 2013ರಲ್ಲಿ ಕ್ಷೀರಭಾಗ್ಯ ಶುರುವಾಯಿತು, 18 ಗ್ರಾಂ ಪುಡಿ ಕಲಸಿದ 150 ಮಿಲಿ ಹಾಲು ತಲೆಗೊಂದು ಲೋಟ. ಅಲ್ಲಿನ ಮಕ್ಕಳಲ್ಲಿ ಬಹಳಷ್ಟು ಜನ ಮನೆಯಲ್ಲಿ ಹಸು ಕಟ್ಟಿ, ಹಾಲನ್ನು ಡೈರಿಗೆ ಹಾಕಿ, ಶಾಲೆಗೆ ಬಂದು ಪುಡಿ ಹಾಲು ಕುಡಿಯುವವರು. ಹಾಲಿನ ಮೂಲ ಯಾವುದು ಅಂತ ವರ್ಕ್‌ಶೀಟ್ ಕೊಟ್ಟರೆ ಗೊಂದಲಕ್ಕೆ ಬೀಳಬೇಕಾದವರು ಅವರು. ಅವರಿಗೆ ಯಾರೂ ಕೊಡುವುದಿಲ್ಲ.

ನಮ್ಮವರಿಗೆ ಕೊಟ್ಟರು. ‘ಪ್ರವಾಸದಲ್ಲಿ ನಿನಗೆ ಬಹಳ ಇಷ್ಟವಾದದ್ದು ಯಾವುದು?’ ಪಕ್ಕದ ಮನೆಯ ಹುಡುಗ ‘ಬಸ್ಸು’ ಎಂದು ಬರೆದ. ಕೆಳಗೆ ಬಸ್ಸಿನ ಚಿತ್ರ, ಕಿಟಕಿಯಲ್ಲಿ ಅವನು ಮತ್ತು ಅವನ ದೋಸ್ತ್. ಟೀಚರ್ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ‘ಹಸು’ ಎಂದು ತಿದ್ದಿಸಿ ಸ್ಮೈಲಿ ಹಾಕಿದರು. ಒಂದೂವರೆ ಸಾವಿರ ಕೊಟ್ಟ ಮೇಲೆ ಬಸ್ಸು ಇಷ್ಟವಾಗುವುದೇ? ಬಸ್ ಚಾರ್ಜ್ ಬೇರೆ ಅಲ್ಲವೇ?

ಅದೇ ಡಿಸೆಂಬರಿನಲ್ಲಿ ಲಾಲ್‌ಬಾಗಿನ ಗೇಟಿನ ಮುಂದೆ ಕೆಂಪು ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ, ದೂರದ ತಾಲ್ಲೂಕುಗಳಿಂದ ಬಂದವು. ಮೇಷ್ಟ್ರ ಬಾಯಲ್ಲಿ ಪೀಪಿ, ಪೇಪರಿನ ಮೇಲೆ ಚಿತ್ರಾನ್ನ. ಅವರ ಟ್ರಿಪ್ಪೂ ಏನು ಕಮ್ಮಿ ಹುಚ್ಚಲ್ಲ ಬಿಡಿ. ಒಂದೇ ದಿನದಲ್ಲಿ ಲಾಲ್‌ಬಾಗು, ವಿಶ್ವೇಶ್ವರಯ್ಯ ಮ್ಯೂಸಿಯಮ್ಮು, ಹೊರಗಿನಿಂದ ವಿಧಾನಸೌಧ, ಕತ್ತಲಾದ ಮೇಲೆ ಇಸ್ಕಾನ್. ಮಕ್ಕಳು ನೋಡಿದ್ದಕ್ಕಿಂತ ಓಡಿದ್ದೇ ಹೆಚ್ಚು. ಆದರೂ ಲಾಲ್‌ಬಾಗಿನ ಬಂಡೆ ಕಂಡದ್ದೇ ತಡ, ಹತ್ತಿ, ಚಡ್ಡಿ ಸವೆಯುವಂತೆ ಜಾರಿ, ಮತ್ತೆ ಹತ್ತುತ್ತಾರೆ. ಸುಮಾರು 300 ಕೋಟಿ ವರ್ಷದ ಬಂಡೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡಿದೆ. ನಮ್ಮ ಶಾಲೆಯ ಪಟ್ಟಿಯಲ್ಲಿ ಅದು ಎಂದೂ ಬರುವುದಿಲ್ಲ. ವಿಚಾರಿಸಿದರೆ ಅಂಚಿಗೆ ಪ್ಯಾಡಿಂಗ್ ಇಲ್ಲವಂತೆ.

ಟ್ರಿಪ್ ವರ್ಷಕ್ಕೊಂದು, ಹೋಗಲಿ. ಕ್ಲಬ್ಬು ದಿನಾ ಇರುವಂಥದ್ದು.

ಒಂದರಿಂದ ಐದನೇ ಕ್ಲಾಸಿಗೆ ವರ್ಷದಲ್ಲಿ 200 ದಿನ, 800 ಗಂಟೆ ಪಾಠವಾದರೆ ಸಾಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆ. ಅಂದರೆ ದಿನಕ್ಕೆ ನಾಲ್ಕು ಗಂಟೆ. ಅದೇ ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಬೇಕು ಅಂತಲೂ ಇದೆ. ನಮ್ಮ ಶಾಲೆಯಲ್ಲೂ ಇತ್ತು, ಮಣ್ಣಿನದು. ಮಳೆ ಬಂದರೆ ಕೆಸರು, ಬಿಸಿಲು ಬಂದರೆ ಧೂಳು, ಯಾವಾಗಲೂ ಮಕ್ಕಳು. ಅದನ್ನು ಅಗೆದು ಹಸಿರು ಟರ್ಫ್ ಹಾಸಿ, ಸುತ್ತ ಬಲೆ ಕಟ್ಟಿ, ದೀಪ ಹಾಕಿದರು. ಈಗ ಅದರ ಮೇಲೆ ಬೇರೆ ಶೂ ಹಾಕಿಕೊಂಡೇ ಕಾಲಿಡಬೇಕು. ಪಿ.ಟಿ. ಪೀರಿಯಡ್ ಕಾರಿಡಾರಿನಲ್ಲಿ ನಡೆಯುತ್ತದೆ. ಮಣ್ಣಿಗೆ ಬೇರೆ ವ್ಯವಸ್ಥೆ ಇದೆ: ‘ಮಡ್ ಪ್ಲೇ ಕ್ಲಬ್’, ಮಂಗಳವಾರ ಮತ್ತು ಗುರುವಾರ, ಶುದ್ಧೀಕರಿಸಿದ ಮಣ್ಣು, ಏಪ್ರನ್ ಸಮೇತ.

ಪಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ದೇಸಿ ಆಟಗಳ ಕ್ಲಬ್ಬಿನಲ್ಲಿ ಕುಂಟೆಬಿಲ್ಲೆಗೆ ಮೂರು ಲೆವೆಲ್, ಪ್ರತಿ ಲೆವೆಲ್ಲಿಗೂ ಸರ್ಟಿಫಿಕೇಟು. ಅಳಿಗುಳಿಮಣೆಗೆ ಹುಣಸೆಬೀಜದ ಕಿಟ್ಟು ಮುನ್ನೂರೈವತ್ತು ರೂಪಾಯಿ, ಹುಣಸೆಹಣ್ಣು ಯಾರ ಸಾರಿಗೆ ಹೋಯಿತೋ. ಕಥೆ ಹೇಳುವ ಕ್ಲಬ್ಬಿಗೆ ‘ಗ್ರ್ಯಾಂಡ್‌ಮಾ ಟೇಲ್ಸ್’ ಎಂದು ಹೆಸರು. ನಡೆಸುವವರು ಇಪ್ಪತ್ತಾರರ ಹುಡುಗಿ, ಬಣ್ಣದ ಶಾಲು ಹೊದ್ದು ಕೂರುತ್ತಾಳೆ. ಮೊಮ್ಮಗನನ್ನು ಕರೆದೊಯ್ಯಲು ಬಂದ ನಿಜವಾದ ಅಜ್ಜಿ ಹೊರಗೆ ಕಟ್ಟೆಯ ಮೇಲೆ ಕೂತು ಮುಕ್ಕಾಲು ಗಂಟೆ ಕಾಯುತ್ತಾರೆ. ಮೊನ್ನೆ ಕಿಟಕಿಯಿಂದ ಕಥೆ ಕೇಳಿಸಿಕೊಂಡ ಒಬ್ಬರು, “ಅಯ್ಯೋ, ಪುಣ್ಯಕೋಟಿನ ಹಂಗಾ ಹೇಳೋದು?” ಎಂದು ಬೇಜಾರು ಮಾಡಿಕೊಂಡರಂತೆ. ಅವರ ಹತ್ತಿರ ಸರ್ಟಿಫಿಕೇಟ್ ಇಲ್ಲ.

ನನಗೆ ಬಹಳ ಹಿಡಿಸಿದ್ದು ಎರಡನೇ ಕ್ಲಾಸಿನವರ ‘ಯಂಗ್ ಆಂತ್ರಪ್ರೆನರ್ ಕ್ಲಬ್’. ಟರ್ಮಿನ ಕೊನೆಗೆ ಮಕ್ಕಳು ನಿಂಬೆಹಣ್ಣಿನ ಪಾನಕ ಮಾರಬೇಕು. ಬಂಡವಾಳ ಅಪ್ಪನದು, ಹಣ್ಣು ಹಿಂಡಿದ್ದು ಅಮ್ಮ, ಗಿರಾಕಿ ಅಜ್ಜ, ಲಾಭ ಶಾಲೆಯ ಚಾರಿಟಿ ಖಾತೆಗೆ. ಉದ್ಯಮ ಅಂದರೆ ಏನೆಂದು ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಕಲಿಸಿದ ಇನ್ನೊಂದು ಪಠ್ಯಕ್ರಮ ನಾನು ಕಂಡಿಲ್ಲ.

ಒಂದು-ಎರಡನೇ ಕ್ಲಾಸಿನ ಮಕ್ಕಳ ಬ್ಯಾಗು ಒಂದೂವರೆಯಿಂದ ಎರಡು ಕೆಜಿಯೊಳಗೆ ಇರಬೇಕು ಎಂದು 2019ರಲ್ಲೇ ರಾಜ್ಯ ಸರ್ಕಾರದ ಆದೇಶವಿದೆ. ಶಾಲೆ ಅಕ್ಷರಶಃ ಪಾಲಿಸುತ್ತದೆ, ಗೇಟಿನಲ್ಲಿ ತೂಕದ ಯಂತ್ರವೇ ಇದೆ. ಕ್ಲಬ್ ಬ್ಯಾಗನ್ನು ಮಾತ್ರ ಅದರ ಮೇಲೆ ಇಡುವುದಿಲ್ಲ. ಆದೇಶ ಬರೆದ ಅಧಿಕಾರಿಗೆ ಎರಡನೇ ಬ್ಯಾಗಿನ ಕಲ್ಪನೆ ಬಂದಿರಲಿಕ್ಕಿಲ್ಲ.

ನಿಜ ಹೇಳಬೇಕೆಂದರೆ ಇದರಲ್ಲಿ ಗುಟ್ಟೇನೂ ಇಲ್ಲ. ಶಾಲೆ ಮೂರಕ್ಕೆ ಬಿಡುತ್ತದೆ, ಅಪ್ಪ ಅಮ್ಮ ಮನೆ ಸೇರುವುದು ಏಳಕ್ಕೆ. ನಡುವಿನ ನಾಲ್ಕು ಗಂಟೆ ಮಗುವನ್ನು ನೋಡಿಕೊಳ್ಳಲು ಯಾರಾದರೂ ಬೇಕು. ನಾಚಿಕೆಪಡುವ ಸಂಗತಿಯಲ್ಲ ಅದು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆದು ಸರ್ಕಾರ ಸುಮ್ಮನೆ ‘ಕೂಸಿನ ಮನೆ’ ಎಂದು ಬೋರ್ಡು ಹಾಕಿತು. ನಗರದ ಸಂಬಳಕ್ಕೆ ಅಂಥ ಬೋರ್ಡು ಒಗ್ಗುವುದಿಲ್ಲ. ಮಗು ಸುಮ್ಮನೆ ಎಲ್ಲೋ ಕೂತಿದೆ ಎಂದರೆ ಎದೆ ಚುರುಕ್ ಅನ್ನುತ್ತದೆ, ರೋಬೋಟಿಕ್ಸ್ ಮಾಡುತ್ತಿದೆ ಎಂದರೆ ಮೀಟಿಂಗಿನಲ್ಲಿ ನೆಮ್ಮದಿಯಾಗಿ ಕೂರಬಹುದು. ಈ ಚುರುಕ್ಕಿಗೇ ಶಾಲೆಗಳು ರೇಟು ಕಟ್ಟಿರುವುದು.

ಸುಮ್ಮನೆ ಕೂರುವುದಕ್ಕೂ ಒಂದು ಕ್ಲಬ್ಬಿದೆ ಎಂಬುದನ್ನು ಹೇಳಲು ಮರೆತೆ. ಮೈಂಡ್‌ಫುಲ್‌ನೆಸ್. ಶುಕ್ರವಾರ ನಲವತ್ತೈದು ನಿಮಿಷ, ಚಾಪೆ ಮನೆಯಿಂದ ತರಬೇಕು. ಮಗಳು ಕೆಲವು ದಿನ ಮನೆಗೇ ಬಂದು ಸುಮ್ಮನೆ ಇರಲಿ ಅಂತ ಒಬ್ಬ ತಾಯಿ ಕೇಳಿಕೊಂಡಾಗ ಆಫೀಸಿನವರು ಇದನ್ನೇ ಸೂಚಿಸಿದರಂತೆ. ಸೀಟು ಖಾಲಿ ಇರಲಿಲ್ಲ, ವೇಟಿಂಗ್ ಲಿಸ್ಟಿಗೆ ಹಾಕಿದ್ದಾರೆ.

ಆ ಟರ್ಫಿನ ವಿಷಯಕ್ಕೆ ಬಂದರೆ, ಅದು ಖಾಲಿ ಬಿದ್ದಿಲ್ಲ. ಸಂಜೆ ಏಳರ ಮೇಲೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ, ಆ್ಯಪಿನಲ್ಲೇ ಬುಕಿಂಗ್. ಬರುವವರು ಸುತ್ತಲಿನ ಆಫೀಸುಗಳ ಗಂಡಸರು, ಅರ್ಧಕ್ಕರ್ಧ ಇದೇ ಶಾಲೆಯ ಅಪ್ಪಂದಿರು. ಕೂಗು, ಬೈಗುಳ, ಬೆವರು, ಫೌಲಿಗೆ ಜಗಳ, ಬಿದ್ದು ಎದ್ದು ನಗು. ಬಲೆಯ ಆಚೆ ಬೆಂಚಿನ ಮೇಲೆ ಕ್ಲಬ್ ಮುಗಿಸಿದ ಒಂದಷ್ಟು ಮಕ್ಕಳು ಅಪ್ಪಂದಿರ ಫೋನು, ಕಾರಿನ ಕೀ, ನೀರಿನ ಬಾಟಲಿ ಹಿಡಿದು ಕೂತಿರುತ್ತವೆ. ಮೊನ್ನೆ ಚೆಂಡು ಬಲೆಯ ಸಂದಿಯಿಂದ ಹೊರಗೆ ಉರುಳಿ ಬಂತು. ಒಬ್ಬ ಹುಡುಗ ಎದ್ದು ಒದ್ದ, ಚೆನ್ನಾಗಿಯೇ ಒದ್ದ.

“ಅಪ್ಪಾ, ನಾನೂ ಬರ್ಲಾ?”

“ಬೇಡ ಕಣೋ, ನಿಂಗೆ ನಾಳೆ ಕ್ಲಬ್ ಇದೆಯಲ್ಲ.”