ಹಳೆಯ ತಳಿಗೂ ರೋಗ ಬರುತ್ತದೆ

‘ಪಾರಂಪರಿಕ ಸೇಬಿನ ತಳಿಗಳಿಗೆ ರೋಗ ಹತ್ತಿರ ಸುಳಿಯುವುದಿಲ್ಲ, ಸಿಂಪಡಣೆಯೂ ಬೇಡ’ ಎಂದು ಸೇಬಿನ ಕುರಿತ ಲೇಖನದಲ್ಲಿ ಲೇಖಕರು ಹೇಳಿರುವ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ಇಂಗ್ಲೆಂಡಿನ ಕೆಂಟ್‌ನಲ್ಲಿರುವ ನಮ್ಮ ಹಿತ್ತಲಿನಲ್ಲಿ ಕಾಕ್ಸ್ ಆರೆಂಜ್ ಪಿಪ್ಪಿನ್ ಎಂಬ ಹಳೆಯ ತಳಿಯ ಸೇಬಿನ ಮರವಿದೆ. ರುಚಿಯಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ವಸಂತದಲ್ಲಿ ಮಳೆ ಹಿಡಿದರೆ ಸಾಕು, ಎಲೆಗಳ ಮೇಲೆ ಮಸಿ ಮೆತ್ತಿದಂತೆ ಸ್ಕ್ಯಾಬ್ ಎಂಬ ಶಿಲೀಂಧ್ರ ರೋಗದ ಮಚ್ಚೆಗಳು ಏಳುತ್ತವೆ. ಆಮೇಲೆ ಕಾಯಿಯ ಸಿಪ್ಪೆ ಒರಟಾಗಿ ಬಿರಿಯುತ್ತದೆ. ಪಕ್ಕದಲ್ಲೇ ಇರುವ ಆಶ್ಮೀಡ್ಸ್ ಕರ್ನಲ್ ಅದಕ್ಕಿಂತ ಹಳೆಯದು, 1700ರ ಆಸುಪಾಸಿನ ತಳಿ; ಅದಕ್ಕೆ ಈ ರೋಗ ಅಷ್ಟಾಗಿ ತಟ್ಟುವುದಿಲ್ಲ. ಹಾಗೆಂದು ಅದು ವಯಸ್ಸಿನಿಂದ ಬಂದ ಗುಣವಲ್ಲ. 1978ರಲ್ಲಷ್ಟೇ ಬಿಡುಗಡೆಯಾದ ಅಮೆರಿಕದ ಲಿಬರ್ಟಿ ತಳಿ ಸ್ಕ್ಯಾಬ್ ನಿರೋಧಕ; ಆ ಶಕ್ತಿ ಅದಕ್ಕೆ ದಕ್ಕಿದ್ದು ಮಾಲಸ್ ಫ್ಲೋರಿಬಂಡಾ ಎಂಬ ಪುಟ್ಟ ಕಾಯಿಯ ಸೇಬಿನ ಬಳಗದಿಂದ.

ಉದುರಿದ ಎಲೆಗಳ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲದಿರುವುದು ದೊಡ್ಡ ಕೊರತೆ. ಈ ಶಿಲೀಂಧ್ರ ಚಳಿಗಾಲ ಕಳೆಯುವುದೇ ಅವುಗಳಲ್ಲಿ. ಎಲೆ ಗುಡಿಸಿ ತೆಗೆದು, ಕೊಂಬೆಗಳ ನಡುವೆ ಗಾಳಿಯಾಡುವಂತೆ ಸವರಿದರೆ ಅರ್ಧ ಕೆಲಸ ಆದಂತೆ. ‘ಏನೂ ಮಾಡಬೇಕಿಲ್ಲ’ ಎಂದು ನಂಬಿ ಕಾಕ್ಸ್ ನೆಟ್ಟ ಹೊಸಬರು ಬೇಸತ್ತು ಮರವನ್ನೇ ಕಡಿದುಹಾಕುತ್ತಾರೆ. ದಯವಿಟ್ಟು ಯಾವ ತಳಿಗೆ ಯಾವ ರೋಗ ಎಂಬ ವಿವರವನ್ನು ಲೇಖನಕ್ಕೆ ಸೇರಿಸಿ.